ತಾಳವಿಲ್ಲದ ಸದ್ದು

ನನ್ನ ಮೇಜಿನ ಮೇಲೆ ಪೆನ್ನು ಪೆನ್ಸಿಲು ನಿಲ್ಲಿಸುವುದಕ್ಕೆ ಒಂದು ಪಿಸ್ಟನ್ ಇದೆ. ಕಾರಿನ ಇಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡಿಕೊಂಡು ಇರಬೇಕಾದ ಪಿಸ್ಟನ್ನೇ. ತಲೆಕೆಳಗು ಮಾಡಿ ನಿಲ್ಲಿಸಿದರೆ ಒಳ್ಳೆಯ ಬಟ್ಟಲಾಗುತ್ತದೆ. ಬರುವ ಕಕ್ಷಿಗಾರರು ಸುಮ್ಮನೆ ಕೂರಲಾರದೆ ಅದನ್ನು ಎತ್ತಿ, ತೂಗಿ ನೋಡಿ, "ಇದೇನ್ ಸಾ, ಕೆಟ್ಟೋಗಿತ್ತಾ?" ಎಂದು ಕೇಳುತ್ತಾರೆ. ಕೆಟ್ಟಿರಲಿಲ್ಲ ಅನ್ನುವುದೇ ನನ್ನ ಸಂಕಟ. ತಪ್ಪು ಮಾಡದೆ ಶಿಕ್ಷೆಯಾದವರನ್ನು ನನ್ನ ವಕೀಲಿಕೆಯಲ್ಲಿ ಒಬ್ಬಿಬ್ಬರನ್ನು ಕಂಡಿದ್ದೇನೆ. ಈ ಪಿಸ್ಟನ್ನಿನಷ್ಟು ನಿರಪರಾಧಿಯನ್ನು ಮಾತ್ರ ಕಂಡಿಲ್ಲ.

ಆ ಕಾರು ನನ್ನ ಪಾಲಿಗೆ ಬಂದದ್ದು ನಾನಿರುವ ಈ ಕೊಳ್ಳೇಗಾಲ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ನಾಲ್ಕೈದು ವರ್ಷಕ್ಕೆ. ಅಷ್ಟರಲ್ಲಿ ಅದು ಇಬ್ಬರು ಯಜಮಾನರನ್ನು ಕಂಡು ಸುಸ್ತಾಗಿತ್ತು. ಬದನೆಕಾಯಿ ಬಣ್ಣ, ಮೊಂಡು ಮೂಗು, ಹೊರಗಿನಿಂದ ಮಾತ್ರ ತೆಗೆಯಲು ಬರುವ ಎಡಗಡೆ ಬಾಗಿಲು. ನೀರು ಕುಡಿಯುವುದರಲ್ಲಿ ಎಮ್ಮೆ. ಆದರೂ ನಮ್ಮ ಬೀದಿಗೆ ಅದೇ ಮೊದಲನೇ ಕಾರು. ನನ್ನ ಜಂಬ ಕೇಳಬೇಡಿ. ತಂದ ದಿನ ಅವ್ವನನ್ನು ಅಂಗಳಕ್ಕೆ ಕರೆದು ಮುಂದಿನ ಮುಚ್ಚಳ ಎತ್ತಿ ತೋರಿಸಿದೆ, ಡಿಕ್ಕಿ ತೆಗೆದು ತೋರಿಸಿದೆ, ಹಿಂದಿನ ಸೀಟಿನ ಮೆತ್ತೆ ಎತ್ತಿ ಅದರಡಿಯ ತಗಡಿನ ಗುಳಿಯನ್ನೂ ತೋರಿಸಿದೆ. ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಲ್ಲಾ ಸರಿ ಕಣ್ಲಾ, ಎತ್ತು ಎಲ್ಲಿ ಕಟ್ತಾರ?" ಅಂದಳು. ಸರೋಜ, ಅಂದರೆ ನನ್ನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಅವ್ವ ಹಾಗಂದದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಹುಟ್ಟೂರು ಸತ್ತೇಗಾಲದಲ್ಲಿ ನಮ್ಮಪ್ಪನ ಎತ್ತಿನ ಗಾಡಿಯೊಂದಿತ್ತು. ಗಾಡಿ ಇನ್ನೂ ಕಾಲುವೆ ಏರಿಯ ಮೇಲಿರುವಾಗಲೇ ಅಪ್ಪ ಜಗಲಿಯಲ್ಲಿ ಕೂತು, "ಎಡಗಾಲಿ ಎಣ್ಣೆ ಕೇಳ್ತದ" ಅನ್ನುತ್ತಿದ್ದರು. ಗಾಡಿ ಬಂದು ನಿಂತ ಮೇಲೆ ನೋಡಿದರೆ ಎಡಗಾಲಿಯೇ. ಅಂಥ ಕಿವಿಯುಳ್ಳವರ ಮಗ ನಾನು, ಗಾಲಿಯಿರುವ ಯಾವುದರ ಕಾಯಿಲೆಯನ್ನಾದರೂ ಕೇಳಿಯೇ ಹೇಳಬಲ್ಲೆ ಎಂಬ ಭ್ರಮೆ ನನಗೂ ಇತ್ತು. ಆ ಭ್ರಮೆ ಹೇಗೆ ಇಳಿಯಿತು ಎಂಬುದನ್ನೇ ಹೇಳಹೊರಟಿದ್ದೇನೆ. ಅದಕ್ಕೆ ಮೊದಲು ಒಂದು ಜಗಳದ ವಿಷಯ ಹೇಳಿಬಿಡಬೇಕು.

ಅವ್ವನಿಗೆ ಒಬ್ಬಳೇ ತಂಗಿ. ಅವಳನ್ನು ಕಾಡಿನಂಚಿನ ಹೂಗ್ಯಂ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿತ್ತು. ನಮ್ಮಜ್ಜಿ ಕೊನೆಯ ಮೂರು ವರ್ಷ ಈ ಕಿರಿಮಗಳ ಮನೆಯಲ್ಲೇ ಇದ್ದು ಅಲ್ಲೇ ತೀರಿಕೊಂಡಳು. ಅಜ್ಜಿಗೆ ಹಲ್ಲು ಒಂದೂ ಇರಲಿಲ್ಲ, ಎಲೆ ಅಡಿಕೆಯ ಚಟ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದಕ್ಕೊಂದು ಕಬ್ಬಿಣದ ಕುಟ್ಟಾಣಿ. ಬೊಗಸೆಯಷ್ಟು ಒರಳು, ಗೇಣುದ್ದದ ಕುಟ್ಟುಗೋಲು. ಚಿಕ್ಕಂದಿನಲ್ಲಿ ನಾನು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆ. ಓದುವ ಮಕ್ಕಳು ಎಲೆ ಅಡಿಕೆ ತಿಂದರೆ ನಾಲಗೆ ದಪ್ಪವಾಗುತ್ತದೆ, ವಿದ್ಯೆ ಹತ್ತುವುದಿಲ್ಲ ಎಂದು ಅವ್ವ ಗದರಿಸುತ್ತಿದ್ದಳು. ಅಜ್ಜಿ ಅತ್ತ ಇತ್ತ ನೋಡಿ, ಕುಟ್ಟಿದ್ದರಲ್ಲಿ ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿಸುತ್ತಿದ್ದಳು. ನನ್ನ ನಾಲಗೆ ದಪ್ಪವಾಯಿತೋ ಇಲ್ಲವೋ, ಅದರಿಂದಲೇ ಅನ್ನ ಸಂಪಾದಿಸುತ್ತಿದ್ದೇನೆ.

ಅಜ್ಜಿಯ ತಿಥಿ ಕಳೆದು ಸಾಮಾನು ಹಂಚುವಾಗ ಹಿರಿಮಗಳ ಹಕ್ಕೆಂದು ಅವ್ವ ಆ ಕುಟ್ಟಾಣಿ ಎತ್ತಿಕೊಂಡಳು. "ಮೂರು ವರ್ಸ ದಿನಾ ಕುಟ್ಟಿ ಕೊಟ್ಟೋಳು ನಾನು, ತಕಂಡು ಓಗೋಳು ನೀನಾ?" ಅಂದಳು ಚಿಕ್ಕವ್ವ. ಅವ್ವ ಏನೋ ಅಂದಳು. ಅಷ್ಟೇ. ಹೊಲಕ್ಕಲ್ಲ, ಒಡವೆಗಲ್ಲ, ಒಂದು ಕುಟ್ಟಾಣಿಗೆ ಅಕ್ಕತಂಗಿಯರು ಹನ್ನೆರಡು ವರ್ಷ ಮಾತು ಬಿಟ್ಟರು. ಇನ್ನೂ ಸಿಟ್ಟು ಬರಿಸುವ ಸಂಗತಿಯೆಂದರೆ ಅವ್ವ ಅದನ್ನು ಒಂದು ದಿನವೂ ಬಳಸಲಿಲ್ಲ. ಅರವತ್ತೈದರಲ್ಲೂ ಅವಳಿಗೆ ಮೂವತ್ತೆರಡು ಹಲ್ಲೂ ಗಟ್ಟಿ. ಅಡಿಕೆಯನ್ನು ಇಡಿಯಾಗಿಯೇ ಕಡಿಯುತ್ತಿದ್ದಳು. ಕುಟ್ಟಾಣಿ ಅವಳ ಪೆಟ್ಟಿಗೆಯ ತಳದಲ್ಲಿ ಹಳೇ ಸೀರೆ ಸುತ್ತಿಕೊಂಡು ಮಲಗಿತ್ತು.

ಒಂದು ಯುಗಾದಿ ಕಳೆದ ವಾರ, ಹೂಗ್ಯಂನ ನನ್ನ ಕಕ್ಷಿಗಾರ ಮಾದೇವಪ್ಪ ಮನೆಗೆ ಬಂದವನು ಮಾತಿಗೆ ಮಾತು ಬಂದು, "ನಿಮ್ಮ ಚಿಕ್ಕವ್ವಾರು ಬಾಳ ಇಳ್ದೋಗವ್ರ ಸಾ. ಬಾಯ್ನ ಅಲ್ಲೂ ಉದುರೋದೊ. ಎಲೆ ಅಡಿಕೇನೂ ಬುಟ್ಬುಟ್ರು" ಅಂದ. ಅವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ನನ್ನ ಹತ್ತಿರ ಬಂದು, ಗೋಡೆ ನೋಡಿಕೊಂಡು, "ಒಂದ್ಸಲ ಹೂಗ್ಯಂಗೆ ಕರಕಂಡು ಓಗ್ಲಾ" ಎಂದಳು. ಹನೂರಿನ ಬಸ್ಸಿಗೆ ಹತ್ತಿಸಿ ಅಲ್ಲಿಂದ ಗಾಡಿ ಮಾಡಿಸಲೇ ಎಂದು ಕೇಳಿದೆ. ಅವ್ವ ಸಿಡಿದಳು.

"ಬಸ್ಸಲ್ಲಿ ಓದ್ರ ನಾನೇ ಸೋತು ಓದಂಗಾಯ್ತದ ಕಣ್ಲಾ. ಕಾರಲ್ಲಿ ಓದ್ರ, ಮಗ ಬುಡ್ನಿಲ್ಲ, ಕರಕಂಡು ಬಂದ ಅಂತ ಏಳ್ಬೌದು."

ಹನ್ನೆರಡು ವರ್ಷದ ಹಟಕ್ಕೆ ಇಷ್ಟು ಚೆಂದದ ರಾಜಿಸೂತ್ರವನ್ನು ಯಾವ ವಕೀಲ ತಾನೇ ಹುಡುಕಬಲ್ಲ? ಭಾನುವಾರ ಹೋಗೋಣ ಎಂದು ಒಪ್ಪಿಕೊಂಡೆ.

ಹಾಳಾದ್ದು, ಒಪ್ಪಿಕೊಂಡ ಮಾರನೆಯ ದಿನವೇ ಸದ್ದು ಶುರುವಾಯಿತು. ಕೋರ್ಟಿಗೆ ಹೊರಟು ಬೀದಿಯ ತಿರುವು ದಾಟಿರಲಿಲ್ಲ, ಟಕ್ ಅಂದಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಕ್ ಟಕ್. ಆಮೇಲೆ ಒಂದೇ ಸಮನೆ ಟಕಟಕ, ಆಮೇಲೆ ಮೌನ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಇಳಿದು ಮುಚ್ಚಳ ಎತ್ತಿ ನೋಡಿದರೆ ಇಂಜಿನ್ನು ಹಾಲು ಕುಡಿದ ಕೂಸಿನಂತೆ ಗುರುಗುಟ್ಟುತ್ತಿದೆ.

ಸೆಲ್ವಣ್ಣನ ಹತ್ತಿರ ಕೊಂಡುಹೋದೆ. ಕೊಯಮತ್ತೂರಿನಲ್ಲಿ ಕೆಲಸ ಕಲಿತು ಬಂದ ಮೇಸ್ತ್ರಿ. ಮಾತು ಅರ್ಧ ತಮಿಳು, ಕೈ ಪೂರ್ತಿ ಗ್ರೀಸು. ಕೆಲಸದಲ್ಲಿ ಶ್ರದ್ಧೆಯ ಮನುಷ್ಯ. ಮರದ ಕೋಲಿನ ಒಂದು ತುದಿಯನ್ನು ಓಡುವ ಇಂಜಿನ್ನಿಗೆ ಇಟ್ಟು, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಕೇಳಿದ, ಕೇಳಿದ, ಏನೂ ಇಲ್ಲ ಎಂದ. "ರೋಡಲ್ಲಿ ಓಡ್ಸಿ ನೋಡಾನ. ನೀವು ಇಂದೆ ಕುಂತ್ಕಂಡು ಕಿವಿ ಕೊಡಿ ಸಾ" ಎಂದು ತಾನೇ ಓಡಿಸಿದ. ನಾನು ಹಿಂದಿನ ಸೀಟಿನಲ್ಲಿ ಕೂತು ಉಸಿರು ಬಿಗಿಹಿಡಿದು ಕೇಳಿದೆ. ಒಂದು ಟಕ್ ಆದರೂ ಬೇಡವೇ? ಡಾಕ್ಟರ ಮುಂದೆ ಕೂತೊಡನೆ ಕೆಮ್ಮು ನಿಲ್ಲಿಸುವ ಮಕ್ಕಳಂತೆ ಕಾರು ಸಾಧುವಾಗಿ ಓಡಿತು. ಸೆಲ್ವಣ್ಣ ನನ್ನನ್ನು ಮನೆಗೆ ಬಿಟ್ಟು, ಅನುಮಾನದಿಂದ ನೋಡಿ ಹೊರಟುಹೋದ. ಸಂಜೆ ಒಬ್ಬನೇ ಕಾರು ತೆಗೆದೆ. ಟಕ್.

ಆ ಭಾನುವಾರ ಹೂಗ್ಯಂಗೆ ಹೋಗುವುದು ನಿಂತಿತು. ಹನೂರು ದಾಟಿದ ಮೇಲೆ ಮೇಸ್ತ್ರಿಯೂ ಇಲ್ಲ, ಅಂಗಡಿಯೂ ಇಲ್ಲ. ಕತ್ತಲಾದರೆ ರಸ್ತೆಗೆ ಬರುವುದು ಆನೆಗಳು. ಅವ್ವನಿಗೆ ಹೇಳಿದೆ. "ಯಾವ ಸದ್ದು?" ಎಂದಳು. ತೋರಿಸುತ್ತೇನೆ ಬಾ ಎಂದು ಹಿಂದೆ ಕೂರಿಸಿಕೊಂಡು ಸತ್ತೇಗಾಲದವರೆಗೆ ಹೋಗಿ ಬಂದೆ. ಸದ್ದಿಲ್ಲ! ಇಳಿಯುವಾಗ ಅವ್ವ ನನ್ನ ಮುಖ ನೋಡಿ, "ಮನಸಿಲ್ಲ ಅಂದ್ಬುಡು ಮೊಗ. ಕಾರ್ ಮ್ಯಾಲೆ ಯಾಕ ಆಕೀಯೆ?" ಎಂದಳು. ಕೋರ್ಟಿನಲ್ಲಿ ಸುಳ್ಳು ಹೇಳುವವರ ಮಧ್ಯೆ ದಿನವೆಲ್ಲ ಕಳೆದು, ಮನೆಗೆ ಬಂದು ನಿಜ ಹೇಳಿದರೆ ಈ ಮರ್ಯಾದೆ.

ಯಳಂದೂರಿನ ಮಾವನವರಿಂದಲೂ ಇದೇ ಮರ್ಯಾದೆ ಆಯಿತು. ಅವರ ಮನೆಗೆ ಒಂದು ದಿನ ಒಬ್ಬನೇ ಹೋಗಿದ್ದೆ. ದಾರಿಯುದ್ದಕ್ಕೂ ಕಮ್ಮಾರಸಾಲೆಯೊಳಗೆ ಕೂತಂತಿತ್ತು. "ನೀವೇ ಕೇಳಿ" ಎಂದು ಅವರನ್ನು ಕರೆದೆ. ಮಾವನವರು ನಿವೃತ್ತ ಶಿರಸ್ತೇದಾರರು, ಮುಂದೆ ಡ್ರೈವರ ಪಕ್ಕದಲ್ಲಿ ಕೂರುವವರಲ್ಲ. ಹಿಂದಿನ ಸೀಟಿನಲ್ಲಿ ಪೇಟ ಸರಿಮಾಡಿಕೊಂಡು ಕೂತು ಯಳಂದೂರಿನ ಬೀದಿಗಳನ್ನೆಲ್ಲ ಎರಡು ಸುತ್ತು ಸುತ್ತಿಸಿದರು. ಕೊನೆಗೆ, "ಅಳಿಯಂದಿರೇ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವ ಹಾಗೆ ಕಿವೀದೂ ಮಾಡಿಸ್ತಾರಂತೆ" ಎಂದರು. ಈ ಮಾತು ನನಗಿಂತ ಮುಂಚೆ ಸರೋಜಳ ಕಿವಿಗೆ ತಲುಪಿತ್ತು.

ಕೊನೆಗೊಂದು ದಿನ ನಾನು ಓಡಿಸುತ್ತಿರುವಾಗ ಸೆಲ್ವಣ್ಣ ದಾರಿಯಲ್ಲಿ ಸಿಕ್ಕಿ ಮುಂದುಗಡೆ ಹತ್ತಿಕೊಂಡ. ಹತ್ತು ಮಾರು ಹೋಗುವಷ್ಟರಲ್ಲಿ ಟಕ್ ಟಕ್. "ಕೇಳ್ತಾ? ಕೇಳ್ತಾ?" ಎಂದು ನಾನು ಸ್ಟಿಯರಿಂಗ್ ಬಿಟ್ಟು ಕುಣಿದೆ. ಸೆಲ್ವಣ್ಣನ ಮುಖ ಗಂಭೀರವಾಯಿತು. "ಕಂಡಿಪ್ಪಾ, ಗ್ಯಾರಂಟಿ ಬೇರಿಂಗೇ ಸಾ. ನಿಂತಿದ್ರ ಬರಾಕಿಲ್ಲ, ಭಾರ ಎಳೀವಾಗ ಬತ್ತದ. ಕಾಡಲ್ಲಿ ರಾಡು ಕಿತ್ಕಂಡ್ರ ಕತೆ ಮುಗೀತು." ಸದ್ದು ಒಬ್ಬನಿಗಾದರೂ ಕೇಳಿಸಿತಲ್ಲ ಎಂಬ ಖುಷಿಯಲ್ಲಿ ನಾನು ಇಂಜಿನ್ನು ಬಿಚ್ಚಲು ಅಪ್ಪಣೆ ಕೊಟ್ಟೆ. ಭಾರ ಎಳೆಯುವಾಗ ಬರುವ ಸದ್ದು, ಹಿಂದೆ ಜನ ಕೂತಾಗ ಹೆಚ್ಚಬೇಕೇ ಹೊರತು ನಿಲ್ಲುವುದೇಕೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರಿಗೂ ಹೊಳೆಯದ್ದು ಮೂರನೆಯವರೊಬ್ಬರಿಗೆ ಹೊಳೆದಿತ್ತು.

ನಮ್ಮ ಎದುರು ಮನೆಯ ರಾಮಲಿಂಗಯ್ಯನವರು ರೇಷ್ಮೆ ಸೀರೆ ನೇಯುವವರು. ಬೆಳಗಾದರೆ ಅವರ ಮಗ್ಗದ ಸದ್ದು, ಅದಕ್ಕೆ ಉತ್ತರವಾಗಿ ನನ್ನ ಕಾರಿನದು. ಒಂದು ಸಂಜೆ ಜಗಲಿಯಿಂದಲೇ ಕರೆದರು.

"ವಕೀಲ್ರೇ, ತಪ್ಪು ತಿಳ್ಕಬ್ಯಾಡಿ. ನಿಮ್ಮ ಸದ್ದಿಗ ತಾಳ ಇಲ್ಲ ಕಣ್ರಿ. ನನ್ನ ಮಗ್ಗ ನೋಡಿ, ಲಾಳಿ ಓಯ್ತದ, ಅಲಗೆ ಬಡೀತದ, ಲಾಳಿ ಬತ್ತದ, ಅಲಗೆ ಬಡೀತದ. ಯಂತ್ರದ ಸದ್ದು ಅಂದ್ರ ಒಂದು ವರಸೆ ಇರ್ತದ. ಇದು ಮನಸು ಬಂದಾಗ ಬಡೀತದ. ಇಂಜಿನ್ ಬುಟ್ಟು ಬ್ಯಾರೆ ಎಲ್ಲಾದ್ರೂ ನೋಡಿ."

ನಾನು ಆಗ ಹೇಳಿದ ಮಾತನ್ನು ಇವತ್ತು ನೆನೆದರೂ ಕಿವಿ ಬಿಸಿಯಾಗುತ್ತದೆ. "ನಿಮ್ಮ ಮಗ್ಗಕ್ಕೆ ಪೆಟ್ರೋಲು ಎಷ್ಟು ಹಿಡಿಯುತ್ತೆ ರಾಮಲಿಂಗಯ್ಯನವರೇ?" ಎಂದಿದ್ದೆ. ಅವರು ನಕ್ಕು ಒಳಗೆ ಹೋದರು. ನಲವತ್ತು ವರ್ಷ ಮಗ್ಗದ ಸದ್ದಿನಲ್ಲೇ ಬದುಕಿದ ಕಿವಿಯ ಸಾಕ್ಷ್ಯವನ್ನು ಎರಡು ಮಾತಿನಲ್ಲಿ ತಳ್ಳಿಹಾಕಿದ ವಕೀಲ ನಾನು.

ಸೆಲ್ವಣ್ಣ ಬೇರಿಂಗುಗಳನ್ನು ಬದಲಿಸಿದ. ಇಷ್ಟು ಬಿಚ್ಚಿದ ಮೇಲೆ ಇದೂ ಇರಲಿ ಎಂದು ಪಿಸ್ಟನ್ನುಗಳನ್ನೂ ಬದಲಿಸಿದ. ಜೋಡಿಸಿದ ಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ಓಡಿಸಿದ. ನಿಶ್ಶಬ್ದ! ಅವನ ಕೈ ಹಿಡಿದು ಕುಲುಕಿ, ನನ್ನ ಕೈಯೂ ಗ್ರೀಸಾಗಿ, ಸಂಭ್ರಮದಲ್ಲಿ ಮನೆಗೆ ಬಂದೆ. ಬೆಳಿಗ್ಗೆ ಕೋರ್ಟಿಗೆ ಹೊರಟರೆ ಟಕ್. ದಾರಿಯಲ್ಲೇ ಕಾರು ನಿಲ್ಲಿಸಿ ಅದರ ಮೊಂಡು ಮೂಗಿಗೆ ಒಂದು ಒದೆ ಕೊಟ್ಟೆ. ನನ್ನ ಕಾಲು ಒಂದು ವಾರ ಊದಿಕೊಂಡಿತ್ತು. ಇನ್ನೊಂದು ಸಲ ಇಂಜಿನ್ನು ಕೆಳಗಿಳಿಯಿತು, ಗೇರುಪೆಟ್ಟಿಗೆ ಬಿಚ್ಚಿದ್ದಾಯಿತು. ಹೀಗೆ ಯುಗಾದಿ ಹೋಗಿ ಆಷಾಢ ಬಂತು. ಅವ್ವ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ತಂಗಿಯ ಜೊತೆ ಬಿಟ್ಟದ್ದಾಯಿತು, ಈಗ ಮಗನ ಸರದಿ ಎಂದುಕೊಂಡೆ.

ಆಷಾಢದ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಮಾದೇವಪ್ಪ ಮತ್ತೆ ಬಂದ. ಚಿಕ್ಕವ್ವನಿಗೆ ಹುಷಾರು ತಪ್ಪಿ ಕಾಮಗೆರೆ ಆಸ್ಪತ್ರೆಗೆ ಕರೆತಂದಿದ್ದರಂತೆ. ನಾಲ್ಕು ದಿನ ಅಲ್ಲಿದ್ದು, ಮನೆಗೇ ಕರೆದುಕೊಂಡು ಹೋಗಿ ಎಂದು ಹಟ ಹಿಡಿದು ವಾಪಸ್ಸು ಹೋದಳಂತೆ. "ದಿನಾ ಬಾಗಲ ಕಡೆ ನೋಡ್ಕಂಡು, ಅಕ್ಕ ಬಂದ್ಳಾ ಅಂತಿದ್ರಂತ ಸಾ" ಎಂದ.

ಕಾಮಗೆರೆ ನಮಗೆ ಎಷ್ಟು ದೂರ? ಒಂದು ಕೂಗಳತೆಯಲ್ಲದಿದ್ದರೂ ಸೈಕಲ್ಲಿನಲ್ಲೇ ಹೋಗಿ ಬರಬಹುದಾದ ಊರು. ಅವ್ವ ಅಳಲಿಲ್ಲ, ಬೈಯಲಿಲ್ಲ. "ನಾಕು ದಿನ ಇಲ್ಲೇ ಮನಗಿದ್ಳು. ನಾವು ನಿನ್ನ ಸದ್ದು ಕೇಳ್ಕಂಡು ಕುಂತಿದ್ದೊ" ಎಂದಳು. ನನಗೆ ನಾಚಿಕೆಯಾಯಿತು. ಇಷ್ಟು ದಿನದ ಸಿಟ್ಟೆಲ್ಲ ಇಳಿದು ಬರೀ ನಾಚಿಕೆ ಉಳಿಯಿತು. ರಾಡು ಕಿತ್ತುಕೊಂಡರೆ ಕಿತ್ತುಕೊಳ್ಳಲಿ, ಬೆಳಿಗ್ಗೆಯೇ ಹೊರಡೋಣ ಎಂದೆ.

ಸೆಲ್ವಣ್ಣ ಕರೆಯದೆ ಬಂದ. ಅವನ ಮರ್ಯಾದೆಯ ಪ್ರಶ್ನೆ. ಹಗ್ಗ, ತಂತಿ, ಎಣ್ಣೆ ಡಬ್ಬ, ಸ್ಪಾನರಿನ ಪೆಟ್ಟಿಗೆಗಳನ್ನು ಡಿಕ್ಕಿಗೆ ತುಂಬಿ ಮುಂದೆ ಕೂತ. ಅವ್ವ, ಸರೋಜ ಹಿಂದೆ. ಕಾಮಗೆರೆ ಬಂತು, ಸದ್ದಿಲ್ಲ. ಆಸ್ಪತ್ರೆಯ ಮುಂದೆ ಹಾಯುವಾಗ ಅವ್ವ ಮುಖ ಆ ಕಡೆಗೆ ತಿರುಗಿಸಿಕೊಂಡಳು. ಹನೂರು ಬಂತು, ಸದ್ದಿಲ್ಲ. ಸೆಲ್ವಣ್ಣ ಅಂಗಿಯ ಕಾಲರು ಎತ್ತಿಕೊಂಡು, "ನಾನ್ ಏಳ್ನಿಲ್ವಾ ಸಾ? ಈಗ ಎಲ್ಲಾ ಸೆಟ್ ಆಗದ" ಎಂದ. ಆಮೇಲಿನ ರಸ್ತೆಯೆಂದರೆ ಕಲ್ಲು, ಗುಂಡಿ, ಹಳ್ಳ. ಆ ರಸ್ತೆಯಲ್ಲಿ ನಮ್ಮ ನಾಲ್ವರ ಮೂಳೆಗಳು ಸದ್ದು ಮಾಡಿದವು, ಇಂಜಿನ್ನು ಮಾಡಲಿಲ್ಲ. ಇಷ್ಟು ತಿಂಗಳು ನನ್ನ ಪ್ರಾಣ ತಿಂದ ಆ ಹಾಳು ಟಕ್ಕಿಗಾಗಿ ನಾನು ಕಿವಿ ಚಾಚಿಕೊಂಡೇ ಇದ್ದೆ. ಬರಲಿಲ್ಲ ಎಂದು ಸಂತೋಷಪಡುವುದಕ್ಕೂ ನನಗೆ ಧೈರ್ಯವಿರಲಿಲ್ಲ.

ಹೂಗ್ಯಂನಲ್ಲಿ ಚಿಕ್ಕವ್ವನ ಮನೆಯ ಮುಂದೆ ನಿಲ್ಲಿಸಿದೆ. ಸರೋಜ ಹಣ್ಣಿನ ಚೀಲ ತೆಗೆದುಕೊಂಡು ಒಳಗೆ ಹೋದಳು. ಅವ್ವ ಇಳಿದವಳು ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತಳು. "ಗಾಡಿ ಕಾದೋಗದ ಕಣ್ಲಾ. ಇಬ್ರೂ ಓಗಿ ಬಾವಿಂದ ನೀರ್ ತಕಬನ್ನಿ" ಎಂದಳು. ಹುಟ್ಟಿದಂದಿನಿಂದ ಕಾರಿನ ದಾಹದ ಬಗ್ಗೆ ತಲೆ ಕೆಡಿಸಿಕೊಳ್ಳದವಳು! ಹನ್ನೆರಡು ವರ್ಷದ ಮೇಲೆ ಹೊಸ್ತಿಲು ದಾಟುವುದನ್ನು ಮಗ ನೋಡುವುದು ಬೇಡ ಎಂದಿರಬೇಕು, ಪಾಪ, ಎಂದುಕೊಂಡು ಕೊಡ ಹಿಡಿದು ಹೋದೆವು.

ನೀರು ಹಾಕಿ, ಮುಚ್ಚಳ ಮುಚ್ಚಿ, ಇಬ್ಬರೂ ಜಗಲಿಯ ಮೇಲೆ ಕೂತೆವು. ಸೆಲ್ವಣ್ಣ ಬೀಡಿ ಹಚ್ಚಿಕೊಂಡ. ಆಗ ಕೇಳಿಸಿತು.

ಟಕ್. ಟಕ್ ಟಕ್. ಸ್ವಲ್ಪ ಬಿಟ್ಟು, ಟಕ್.

ಸೆಲ್ವಣ್ಣ ಬೀಡಿ ಬಿಸಾಡಿ ಎದ್ದು ಕಾರಿನ ಕಡೆ ಎರಡು ಹೆಜ್ಜೆ ಓಡಿಯೇಬಿಟ್ಟ. ನಾನೂ ಎದ್ದಿದ್ದೆ. ಕಾರು ಸುಮ್ಮನೆ ನಿಂತಿತ್ತು. ಕೀಲಿಕೈ ನನ್ನ ಕೈಯಲ್ಲಿತ್ತು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಸೀಟಿನ ಮೆತ್ತೆ ಓರೆಯಾಗಿ ಎದ್ದು ನಿಂತಿತ್ತು. ಸದ್ದು ಮನೆಯೊಳಗಿನಿಂದ ಬರುತ್ತಿತ್ತು.

ಹೋಗಿ ಬಾಗಿಲಲ್ಲಿ ನಿಂತೆ. ಚಿಕ್ಕವ್ವ ಗೋಡೆಗೆ ಒರಗಿ ಕೂತಿದ್ದಳು, ಕೈ ಕಾಲೆಲ್ಲ ಕಡ್ಡಿ. ಅವಳ ಎದುರಿಗೆ, ಮೂವತ್ತೆರಡು ಹಲ್ಲಿನ ನಮ್ಮವ್ವ, ನೆಲದ ಮೇಲೆ ಕಾಲು ಚಾಚಿ, ಎರಡು ಪಾದಗಳ ನಡುವೆ ಕುಟ್ಟಾಣಿ ಇಟ್ಟುಕೊಂಡು ಎಲೆ ಅಡಿಕೆ ಕುಟ್ಟುತ್ತಿದ್ದಳು. ಅಭ್ಯಾಸವಿಲ್ಲದ ಕೈ, ತಾಳ ತಪ್ಪುತ್ತಿತ್ತು. ಪಕ್ಕದಲ್ಲಿ ಆ ಹಳೇ ಸೀರೆಯ ತುಂಡು ಬಿದ್ದಿತ್ತು.

ನನಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ನಾನು ಹೋಗೋಣವೆಂದು ಒಪ್ಪಿದ ದಿನವೇ ಅವ್ವ ಕುಟ್ಟಾಣಿಯನ್ನು ತಂದು ಸೀಟಿನಡಿಯ ಗುಳಿಯಲ್ಲಿ ಬಚ್ಚಿಟ್ಟಿದ್ದಳು; ಕೊಡುವುದಕ್ಕೇ ಹೋಗುತ್ತಿದ್ದಾಳೆಂದು ಮಗನಿಗೂ ಸೊಸೆಗೂ ಗೊತ್ತಾಗಬಾರದು, ಅಷ್ಟೇ. ಸೀಟು ಖಾಲಿಯಿದ್ದರೆ ಅದು ಸುತ್ತಿದ ಸೀರೆಯಿಂದ ಕಳಚಿಕೊಂಡು ಉರುಳಾಡಿ ತಗಡಿಗೆ ಬಡಿಯುತ್ತಿತ್ತು. ಹಿಂದೆ ಯಾರಾದರೂ ಕೂತರೆ ಮೆತ್ತೆ ಅದನ್ನು ಅದುಮಿ ಹಿಡಿಯುತ್ತಿತ್ತು. ಸದ್ದಿದೆಯೇ ಎಂದು ಪರೀಕ್ಷಿಸಲು ನಾವು ಪ್ರತಿ ಸಲವೂ ಒಬ್ಬರನ್ನು ಅದರ ಮೇಲೇ ಕೂರಿಸಿದ್ದೆವು. ಅವ್ವ ಕೂತಾಗ ಸದ್ದು ಬರುತ್ತಲೇ ಇರಲಿಲ್ಲ, ಅವಳಿಗೆ ಗೊತ್ತಾಗುವುದಾದರೂ ಹೇಗೆ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ನಾವು ಊರು ಹುಡುಕಲಿಲ್ಲ, ಇಂಜಿನ್ನು ಹುಡುಕಿದೆವು, ಎರಡೆರಡು ಸಲ. ಈ ಸದ್ದು ಕೇಳಿಕೊಂಡೇ ಬೆಳೆದವನು ಬೇರೆ ನಾನು. ಕೂಗಾಡಬೇಕೆಂದು ಬಾಯಿ ತೆರೆದೆ. ನನ್ನ ಬೆನ್ನ ಹಿಂದೆ ಇಣುಕಿದ ಸೆಲ್ವಣ್ಣ ಮೆಲ್ಲಗೆ, "ಸಾ, ಆ ಪಿಸ್ಟನ್ನು ಚೆನ್ನಾಗೇ ಇತ್ತು ಸಾ" ಎಂದ.

ನಾನು ಕೂಗಾಡುವ ಮೊದಲೇ ಚಿಕ್ಕವ್ವ ಮಾತಾಡಿದಳು. ಹಲ್ಲಿಲ್ಲದ ಬಾಯಿ, ನೀರು ತುಂಬಿದ ಕಣ್ಣು. "ಅಂತೂ ಬಂದ್ಯಲ್ಲಕ್ಕ. ಯಾಕ ಬಂದೆ?"

ಅವ್ವ ತಲೆ ಎತ್ತದೆ, ಕುಟ್ಟುವುದನ್ನೂ ನಿಲ್ಲಿಸದೆ, "ನಾನೆಲ್ಲಿ ಬತ್ತಿದ್ನೆ? ಇಗಾ, ಇವನೇ. ಬ್ಯಾಡ ಬ್ಯಾಡ ಅಂದ್ರೂ ಬುಡ್ದೆ ಎಳ್ಕಂಡು ಬಂದ" ಅಂದಳು. ಅಂದವಳೇ ಕುಟ್ಟುಗೋಲು ಮೇಲೆತ್ತಿ ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಅವ್ವ ನನ್ನೆದುರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚಿಕ್ಕವ್ವ ನನ್ನ ಕಡೆ ತಿರುಗಿ, "ನಿಜವೇನ್ಲಾ ಮೊಗ?" ಎಂದು ಕೇಳಿದಳು.

"ಹೂಂ ಚಿಕ್ಕವ್ವ. ಬರಾಕಿಲ್ಲ ಅಂತ ಒಂದೇ ಹಟ. ನಾನೇ ಬಲವಂತ ಮಾಡಿ ಕರಕಂಡು ಬಂದೆ" ಎಂದೆ. ಇಷ್ಟು ವರ್ಷ ಬೇರೆಯವರ ಸುಳ್ಳು ಸಾಕ್ಷಿಗಳನ್ನು ಹರಿದುಹಾಕಿದ ನಾನು ಸ್ವಂತ ಬಾಯಿಂದ ನುಡಿದ ಸುಳ್ಳು ಸಾಕ್ಷಿ ಅದು.

ಅವ್ವ ಕುಟ್ಟಿದ್ದನ್ನು ಬೆರಳಲ್ಲಿ ಕೂಡಿಸಿ ತಂಗಿಯ ಬಾಯಿಗಿಟ್ಟಳು. ಆಮೇಲೆ ಒರಳ ತಳದಲ್ಲಿ ಉಳಿದದ್ದನ್ನು ಗೋರಿ, "ಬಾ ಇಲ್ಲಿ" ಎಂದು ನನ್ನನ್ನು ಕರೆದು, ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿಸಿದಳು.